ಸರ್ವಜ್ಞನ ವಚನ ಕೂಡಿಟ್ಟ ಪಾದ್ರಿ

ಸಾಲಗಾರನ ಪಾಡು, ಜಿಪುಣನ ಬಾಳು, ಡಂಭದ ಭಕ್ತಿ. ಸರ್ವಜ್ಞ ಯಾರನ್ನೂ ಬಿಟ್ಟವನಲ್ಲ. ಮೂರೇ ಸಾಲಿನಲ್ಲಿ ನಗಿಸಿ, ಬುದ್ಧಿ ಹೇಳುತ್ತಾನೆ. ನಮ್ಮ ಹಳ್ಳಿಗಳ ಕಟ್ಟೆಯಿಂದ ಬೆಂಗಳೂರಿನ ರಾಜಾಜಿನಗರ, ಕೆಂಗೇರಿಯವರೆಗೆ ಅವನ ಮಾತು ಗೊತ್ತಿಲ್ಲದವರು ಕಡಿಮೆ. ಆದರೆ ಅವನ್ನೆಲ್ಲ ಹುಡುಕಿ ಒಂದೆಡೆ ಸೇರಿಸಿದವರು ಒಬ್ಬ ಕ್ರೈಸ್ತ ಪಾದ್ರಿ ಎಂಬುದು ಎಷ್ಟು ಜನಕ್ಕೆ ಗೊತ್ತು?

ಅವರೇ ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ, ಬಾಸೆಲ್ ಮಿಷನ್ನಿನಲ್ಲಿ ಓದಿ ಪಾದ್ರಿಯಾದರು. ಆ ಮಿಷನ್ 1841ರಲ್ಲೇ ಮಂಗಳೂರಿನಲ್ಲಿ ಅಚ್ಚುಕೂಟ ತೆರೆದಿತ್ತು. ಹಾಗಾಗಿ ಕ್ರೈಸ್ತ ಧರ್ಮದ ಪುಸ್ತಕಗಳು ಕನ್ನಡಕ್ಕೆ ಹೊಸತಾಗಿರಲಿಲ್ಲ. ಸರ್ವಜ್ಞನ ಪದಗಳು ಮಾತ್ರ ಜನರ ಬಾಯಲ್ಲಿ, ಹಳೆಯ ಕೈಬರಹದ ಪ್ರತಿಗಳಲ್ಲಿ ಚದುರಿಹೋಗಿದ್ದವು. ಹಾಡುವವರು ತೀರಿಕೊಂಡರೆ ಹಾಡೂ ಹೋದಂತೆ. ಚನ್ನಪ್ಪನವರು ವರ್ಷಗಟ್ಟಲೆ ದುಡಿದು, ಸುಮಾರು 2000 ವಚನಗಳನ್ನು ವಿಷಯವಾರು ಜೋಡಿಸಿ 1924ರಲ್ಲಿ ಪ್ರಕಟಿಸಿದರು.

ಕೆಲಸ ಸುಲಭದ್ದಲ್ಲ. ಕೊನೆಗೆ 'ಸರ್ವಜ್ಞ' ಎಂದು ಸೇರಿಸಿ ಬೇರೆಯವರು ಕಟ್ಟಿದ ಪದಗಳೂ ಬೆರೆತಿದ್ದವು. ಇವತ್ತು ವಾಟ್ಸಾಪಿನಲ್ಲಿ ನಾವು ನೋಡುವ ಕಾಟವೇ ಅದು!

ಕನ್ನಡಿಗರು ಅವರನ್ನು ಮರೆಯಲಿಲ್ಲ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಬಸವಣ್ಣನವರ ಅನುಭವ ಮಂಟಪದ ಇತಿಹಾಸದ ಬಗ್ಗೆಯೂ ಪುಸ್ತಕ ಬರೆದರು. 1962ರಲ್ಲಿ ತೀರಿಕೊಂಡರು.

ತನ್ನ ಧರ್ಮ ಬಿಡದೆಯೇ ನೆರೆಮನೆಯವರ ನಗುವನ್ನೂ ಜೋಪಾನ ಮಾಡಬಹುದು ಎಂದು ಅವರು ಮಾಡಿ ತೋರಿಸಿದರು. ನಿಮ್ಮ ಮನೆಯ ಹಿರಿಯರಿಗೆ ಇಂಥ ಪದಗಳು ಬರುತ್ತವೆಯೇ? ಇವತ್ತೇ ಫೋನಿನಲ್ಲಿ ರೆಕಾರ್ಡ್ ಮಾಡಿಟ್ಟುಕೊಳ್ಳಿ.