ಪೋ ಕೇಳದೆ ಬಂದ ನೆರವು

1846ರ ಡಿಸೆಂಬರ್ 15ರಂದು ನ್ಯೂಯಾರ್ಕಿನ ‘ಮಾರ್ನಿಂಗ್ ಎಕ್ಸ್‌ಪ್ರೆಸ್’ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಅಚ್ಚಾಯಿತು. ಎಡ್ಗರ್ ಅಲನ್ ಪೋ ಮತ್ತು ಅವನ ಹೆಂಡತಿ ಇಬ್ಬರೂ ಕ್ಷಯದಿಂದ ಹಾಸಿಗೆ ಹಿಡಿದಿದ್ದಾರೆ, ಸಂಸಾರ ತೀರ ಕಷ್ಟದಲ್ಲಿದೆ, ಸ್ನೇಹಿತರೂ ಅಭಿಮಾನಿಗಳೂ ಈ ಹೊತ್ತಿನಲ್ಲಿ ಕೈಬಿಡಬಾರದು ಎಂಬುದು ಅದರ ಸಾರ. ಹಿಂದಿನ ವರ್ಷವಷ್ಟೇ ‘ದಿ ರೇವನ್’ ಪದ್ಯದಿಂದ ದೇಶವಿಡೀ ಹೆಸರಾಗಿದ್ದ ಕವಿಯ ಬಗ್ಗೆ ಬಂದ ಸುದ್ದಿ ಇದು. ಬರೆದವರ ಉದ್ದೇಶ ಒಳ್ಳೆಯದೇ ಇರಬೇಕು. ಆದರೆ ಪೋ ಇದನ್ನು ಉಪಕಾರವೆಂದು ತೆಗೆದುಕೊಳ್ಳಲಿಲ್ಲ.

ವರ್ಜೀನಿಯಾ ಕ್ಲೆಮ್ ಅವನ ಸೋದರತ್ತೆಯ ಮಗಳು. ನಮ್ಮ ಕಡೆ ಇಂಥ ಸಂಬಂಧ ಹೊಸದಲ್ಲ, ಆದರೆ 1836ರಲ್ಲಿ ಮದುವೆಯಾದಾಗ ಹುಡುಗಿಗೆ ಇನ್ನೂ ಹದಿನಾಲ್ಕು ತುಂಬಿರಲಿಲ್ಲ, ಅವನಿಗೆ ಇಪ್ಪತ್ತೇಳು ಎಂಬುದನ್ನು ಇವತ್ತು ಓದಿದರೆ ಇರಿಸುಮುರಿಸಾಗುತ್ತದೆ. 1842ರ ಜನವರಿಯಲ್ಲಿ ಒಂದು ದಿನ ಹಾಡುತ್ತಿದ್ದಾಗ ಅವಳ ಬಾಯಿಂದ ರಕ್ತ ಬಂತು. ಅಲ್ಲಿಂದ ಐದು ವರ್ಷ ಇದೇ ಆವರ್ತನೆ: ಸಾಯುತ್ತಾಳೆ ಅನ್ನಿಸುವುದು, ಚೇತರಿಸಿಕೊಳ್ಳುವುದು, ಮತ್ತೆ ರಕ್ತ. ಈ ಆಸೆ ನಿರಾಸೆಗಳ ತೂಗಾಟವೇ ತನ್ನನ್ನು ಕುಡಿತಕ್ಕೂ ಹುಚ್ಚಿನ ಅಂಚಿಗೂ ತಳ್ಳಿತು ಎಂದು ಪೋ ಮುಂದೆ ಒಬ್ಬ ಓದುಗನಿಗೆ ಬರೆದ.

1846ರಲ್ಲಿ ಅವರು ನಗರದ ಹೊರಗಿನ ಫೋರ್ಡಮ್ ಎಂಬ ಹಳ್ಳಿಯ ಪುಟ್ಟ ಮನೆಗೆ ಬಂದಿದ್ದರು. ಮನೆಯಲ್ಲಿ ಮೂವರೇ: ಗಂಡ, ಹೆಂಡತಿ, ಅತ್ತೆ ಮರಿಯಾ ಕ್ಲೆಮ್. ಪೋ ನಡೆಸುತ್ತಿದ್ದ ‘ಬ್ರಾಡ್‌ವೇ ಜರ್ನಲ್’ ಆ ವರ್ಷದ ಆರಂಭದಲ್ಲೇ ನಿಂತಿತ್ತು. ಇಂಗ್ಲೆಂಡಿನ ಪುಸ್ತಕಗಳನ್ನು ಬಿಡಿಗಾಸು ಕೊಡದೆ ಮರುಮುದ್ರಿಸಬಹುದಾಗಿದ್ದ ಕಾಲದಲ್ಲಿ ಅಮೆರಿಕದ ಲೇಖಕನಿಗೆ ಸಿಗುತ್ತಿದ್ದದ್ದು ಅಷ್ಟಕ್ಕಷ್ಟೇ. ಹೆಸರು ಬಂದಿತ್ತು, ದುಡ್ಡು ಬಂದಿರಲಿಲ್ಲ.

ಆ ಚಳಿಗಾಲದ ಕೋಣೆಯ ಚಿತ್ರ ನಮಗೆ ಸಿಗುವುದು ಮೇರಿ ಗೋವ್ ಎಂಬ ಲೇಖಕಿಯಿಂದ. ಹುಲ್ಲು ತುಂಬಿದ ಹಾಸಿಗೆ, ಬಿಳಿಯ ಹೊದಿಕೆ, ಜ್ವರದ ನಡುಕ. ಮೈಮೇಲೆ ಗಂಡನ ದೊಡ್ಡ ಓವರ್‌ಕೋಟು, ಎದೆಯ ಮೇಲೆ ಸಾಕಿದ ಬೆಕ್ಕು. ಕೋಟು ಮತ್ತು ಬೆಕ್ಕು ಬಿಟ್ಟರೆ ಅವಳಿಗಿದ್ದ ಬಿಸಿ ಇಷ್ಟೇ: ಗಂಡ ಕೈ ಹಿಡಿದುಕೊಳ್ಳುತ್ತಿದ್ದ, ತಾಯಿ ಪಾದ ಹಿಡಿದುಕೊಳ್ಳುತ್ತಿದ್ದಳು. ಇದು ಅಚ್ಚಾದದ್ದು 1863ರಲ್ಲಿ. ಇಷ್ಟು ವರ್ಷದ ನಂತರದ ನೆನಪು ಸ್ವಲ್ಪ ಬಣ್ಣ ಪಡೆದಿರಬಹುದು. ಆದರೂ ಆ ಬೆಕ್ಕನ್ನು ಯಾರೂ ಕಟ್ಟಿ ಹೇಳಿದ್ದಲ್ಲ ಎಂದೇ ನನಗನ್ನಿಸುತ್ತದೆ.

ಮೇರಿ ಗೋವ್ ಕಂಡದ್ದನ್ನು ಮರಿ ಲೂಯಿಸ್ ಶೂ ಎಂಬಾಕೆಗೆ ಹೇಳಿದಳು. ರೋಗಿಗಳ ಆರೈಕೆ ಬಲ್ಲ ಹೆಂಗಸು ಆಕೆ. ಮೊದಲು ಗರಿತುಂಬಿದ ಹಾಸಿಗೆ ಮತ್ತು ಹೊದಿಕೆಗಳು ಬಂದವು. ಆಮೇಲೆ ಪರಿಚಿತರಲ್ಲಿ ವಂತಿಗೆ ಎತ್ತಿ ಅರವತ್ತು ಡಾಲರ್ ತಂದುಕೊಟ್ಟಳು. ನಂತರ ತಾನೇ ಬಂದು ಶುಶ್ರೂಷೆಗೆ ನಿಂತಳು. ಪೋ ಇದಾವುದನ್ನೂ ಬೇಡವೆನ್ನಲಿಲ್ಲ.

ಅತ್ತ ಪತ್ರಿಕೆಯ ಸುದ್ದಿ ಊರೂರು ತಿರುಗಿತು. ಪೋಗೆ ಹಿಂದೆ ಕೆಲಸ ಕೊಟ್ಟಿದ್ದ, ಅವನ ಬಗ್ಗೆ ಪ್ರೀತಿಯಿದ್ದ ಸಂಪಾದಕ ವಿಲ್ಲಿಸ್ ತನ್ನ ‘ಹೋಮ್ ಜರ್ನಲ್’ನಲ್ಲಿ, ಬುದ್ಧಿಯಿಂದ ದುಡಿದು ಕಾಯಿಲೆ ಬಿದ್ದವರಿಗೆ ಒಂದು ಆಶ್ರಯಧಾಮ ಬೇಕು ಎಂದು ಬರೆದ. ಉದಾಹರಣೆ, ಪೋ. ಈ ನಡುವೆ ಯಾರೋ ಹೆಸರು ಹಾಕದೆ, ಸಹಾಯ ಕೇಳಿದ ಆ ಸುದ್ದಿಯ ತುಣುಕನ್ನೇ ಲಕೋಟೆಯಲ್ಲಿಟ್ಟು ವರ್ಜೀನಿಯಾಳಿಗೆ ಕಳಿಸಿದರು. ಮಲಗಿದಲ್ಲೇ ಅವಳು ಓದಿದ್ದು ತಾನು ಸಾಯುತ್ತಿರುವ, ತನ್ನ ಮನೆ ಬಡವಾಗಿರುವ ಸುದ್ದಿ.

ಡಿಸೆಂಬರ್ 30ರಂದು ಪೋ ವಿಲ್ಲಿಸ್‌ಗೆ ಬರೆದ ಉತ್ತರ ಮುಂದಿನ ಜನವರಿ 9ರಂದು ಅದೇ ಪತ್ರಿಕೆಯಲ್ಲಿ ಬಂತು. ಮನೆಯ ವಿಷಯವನ್ನು ಕರುಣೆಯಿಲ್ಲದೆ ಬೀದಿಗೆ ತಂದಿದ್ದಾರೆ, ಇಂಥ ಅನಾಮಧೇಯ ಪತ್ರಗಳಿಂದಲೇ ಹೆಂಡತಿಯ ಕಾಯಿಲೆ ಹೆಚ್ಚಿತು ಎಂದು ದೂರಿದ. ಹಣದ ಅಡಚಣೆ ನಿಜ, ಆದರೆ ಸಹಿಸಲಾರದಷ್ಟು ಕೊರತೆಯೇನೂ ಆಗಿಲ್ಲ. ಸ್ನೇಹಿತರಿಲ್ಲ ಎಂಬುದಂತೂ ಹಸಿ ಸುಳ್ಳು. ಸಮಯ ಬಂದರೆ ನಾಚಿಕೆಯಿಲ್ಲದೆ ಸಹಾಯ ಕೇಳಬಹುದಾದ ನೂರು ಜನರ ಹೆಸರು ಈ ನಗರದಲ್ಲೇ ಹೇಳಬಲ್ಲೆ ಎಂದ.

ಇದನ್ನು ಓದಿ ‘ಬರೀ ಬಿಗುಮಾನ’ ಎಂದುಬಿಡುವುದು ಸುಲಭ. ಪೋನೇ ಅದಕ್ಕೆ ಸಾಕ್ಷಿ ಕೊಟ್ಟಿದ್ದಾನೆ. 1847ರ ಮಾರ್ಚ್ 10ರಂದು, ಅವನ ಕಷ್ಟ ಕೇಳಿ ಪದ್ಯವನ್ನೇ ಬರೆದಿದ್ದ ಜೇನ್ ಲಾಕ್ ಎಂಬ ಕವಯಿತ್ರಿಗೆ ಬರೆಯುತ್ತ, ಸಾರ್ವಜನಿಕ ದಾನಕ್ಕೆ ಹಿಂಜರಿದು ಸತ್ಯವನ್ನೇ ಬಲಿಕೊಟ್ಟೆ, ಆ ಅಗತ್ಯಗಳೆಲ್ಲ ನಿಜವೇ ಆಗಿದ್ದವು ಎಂದು ಒಪ್ಪಿಕೊಂಡ. ಹತ್ತು ವಾರಗಳ ಅಂತರದ ಎರಡು ಪತ್ರ, ಒಂದು ಇನ್ನೊಂದನ್ನು ಸುಳ್ಳಾಗಿಸುತ್ತದೆ. ದಾಖಲೆ ಹುಡುಕುವ ನಮ್ಮಂಥವರು ಎರಡನೆಯದನ್ನು ಹಿಡಿದು ಮೊದಲನೆಯದನ್ನು ಪಕ್ಕಕ್ಕಿಡುತ್ತೇವೆ. ಅಲ್ಲಿ ಒಂದು ತಪ್ಪಾಗುತ್ತದೆ. ಮೊದಲ ಪತ್ರದಲ್ಲಿ ಸುಳ್ಳಾದದ್ದು ಬಡತನದ ಲೆಕ್ಕ ಮಾತ್ರ. ಯಾರಲ್ಲಿ ಕೇಳಬಲ್ಲೆ, ಯಾರಲ್ಲಿ ಕೇಳಲಾರೆ ಎಂಬ ಮಾತು ನಿಜವೇ ಇತ್ತು. ಮದುವೆಮನೆಯಲ್ಲಿ ಮುಯ್ಯಿ ಬರೆಸುವಾಗ ನಮ್ಮಲ್ಲಿ ಯಾರೂ ನಾಚುವುದಿಲ್ಲ, ಮುಂದೆ ತೀರಿಸುವ ಲೆಕ್ಕ ಅದು. ಗುರುತಿಲ್ಲದವರಿಗೆ ತೀರಿಸುವುದು ಹೇಗೆ? ಅದು ಹಂಗಾಗಿಯೇ ಉಳಿಯುತ್ತದೆ. ಪೋ ತಳ್ಳಿದ್ದು ನೆರವನ್ನಲ್ಲ, ಈ ಹಂಗನ್ನು. ಶೂಳ ಋಣವನ್ನು ಅವನು ಮಾರ್ಚ್ 13ರ ‘ಹೋಮ್ ಜರ್ನಲ್’ನಲ್ಲೇ, ಹೆಸರಿನ ಮೊದಲಕ್ಷರಗಳನ್ನಷ್ಟೇ ತಲೆಬರಹದಲ್ಲಿಟ್ಟ ಪದ್ಯವೊಂದರಲ್ಲಿ ತೀರಿಸಲು ನೋಡಿದ.

ಅಪಮಾನದ ಮೊಕದ್ದಮೆಯೊಂದರಲ್ಲಿ ಇನ್ನೊಂದು ಪತ್ರಿಕೆಯಿಂದ ಅವನಿಗೆ 225 ಡಾಲರ್ ಪರಿಹಾರ ತೀರ್ಪಾದದ್ದು ಫೆಬ್ರವರಿ 17ರಂದು. ಅಷ್ಟರಲ್ಲಿ ತಡವಾಗಿತ್ತು.

ಜನವರಿ 29ರಂದು, ನೂರು ಜನರ ಹೆಸರು ಹೇಳಬಲ್ಲೆ ಎಂದು ಬರೆದ ಸರಿಯಾಗಿ ಒಂದು ತಿಂಗಳಿಗೆ, ಪೋ ಒಬ್ಬಳಿಗೆ ಚೀಟಿ ಬರೆದ. ವರ್ಜೀನಿಯಾ ಇನ್ನೂ ಇದ್ದಾಳೆ, ಬೇಗ ಇಳಿಯುತ್ತಿದ್ದಾಳೆ, ನೋವು ತುಂಬ ಇದೆ, ನಿನ್ನನ್ನು ನೋಡಿ ಇನ್ನೊಮ್ಮೆ ಕೃತಜ್ಞತೆ ಹೇಳುವವರೆಗಾದರೂ ದೇವರು ಅವಳನ್ನು ಉಳಿಸಲಿ ಎಂದು. ಹಣದ ಮಾತು ಅದರಲ್ಲಿಲ್ಲ. ನಾಳೆ ಬಾ ಎಂದು ಶೂಳನ್ನು ಅಂಗಲಾಚಿದ್ದ. ಮರುದಿನ, 30ರಂದು, ವರ್ಜೀನಿಯಾ ತೀರಿಕೊಂಡಳು. ಅವಳಿಗೆ ಇಪ್ಪತ್ತನಾಲ್ಕು.