ಅಂಗವಿಕಲರ ಹಾಯಿಯಾನ: ದೋಣಿಯಿಂದ ಕಡವಿನವರೆಗೆ

ಅಂಗವಿಕಲರ ಹಾಯಿಯಾನ ಎಂದೊಡನೆ ಪತ್ರಿಕೆಗಳಿಗೆ ನೆನಪಾಗುವುದು ಪದಕ, ಇಲ್ಲವೇ ಎದೆಗಾರಿಕೆ. 1996ರ ಅಟ್ಲಾಂಟಾ ಪ್ಯಾರಾಲಿಂಪಿಕ್ಸ್‌ನಲ್ಲಿ ಪ್ರದರ್ಶನಕ್ಕೆಂದು ಬಂದ ಈ ಕ್ರೀಡೆ 2000ದಲ್ಲಿ ಸಿಡ್ನಿಯಲ್ಲಿ ಪದಕದ ಸ್ಪರ್ಧೆಯಾಯಿತು. 2016ರ ರಿಯೋ ಕೂಟದ ಬಳಿಕ ಪಟ್ಟಿಯಿಂದ ಹೊರಬಿತ್ತು. ಪದಕದ ಕಥೆ ಇಷ್ಟೇ.

ನಿಜವಾದ ಬೆಳವಣಿಗೆ ನಡೆದದ್ದು ದೋಣಿಯ ವಿನ್ಯಾಸದಲ್ಲಿ. ಸಾಮಾನ್ಯ ಹಾಯಿದೋಣಿಯಲ್ಲಿ ಗಾಳಿ ತಿರುಗಿದಾಗಲೆಲ್ಲ ತಲೆ ತಗ್ಗಿಸಿ ಆಚೆ ಬದಿಗೆ ಸರಿಯಬೇಕು, ಮೈಭಾರದಿಂದಲೇ ದೋಣಿಯನ್ನು ಸಮತೂಕದಲ್ಲಿ ಇಡಬೇಕು. ಆಸ್ಟ್ರೇಲಿಯಾದ ಕ್ರಿಸ್ ಮಿಚೆಲ್ ಈ ಎರಡು ಅಗತ್ಯಗಳನ್ನೂ ತೆಗೆದುಹಾಕಿದರು. ಮೊದಲು ಆಕ್ಸೆಸ್ ಎಂದೂ ಈಗ ಹನ್ಸಾ ಎಂದೂ ಹೆಸರಾದ ಅವರ ದೋಣಿಯಲ್ಲಿ ಭಾರವೆಲ್ಲ ನೀರಿನೊಳಗೆ ಇಳಿಯುವ ನಡುಹಲಗೆಯಲ್ಲಿದೆ. ಕೂರುವವರು ಬಟ್ಟೆಯ ಆಸನದಲ್ಲಿ ತಗ್ಗಾಗಿ, ಮುಂದಕ್ಕೆ ಮುಖ ಮಾಡಿ ಕೂರುತ್ತಾರೆ. ಮೊಣಕಾಲುಗಳ ನಡುವಿನ ಜಾಯ್‌ಸ್ಟಿಕ್ಕನ್ನು ಎಡಕ್ಕೆ ಒತ್ತಿದರೆ ದೋಣಿ ಎಡಕ್ಕೆ ಹೊರಳುತ್ತದೆ. ಗಾಳಿ ಜೋರಾದರೆ ಕೂತಲ್ಲಿಂದಲೇ ಹಗ್ಗ ಎಳೆದು ಹಾಯಿಯನ್ನು ಕಂಬಕ್ಕೆ ಸುತ್ತಿಕೊಳ್ಳಬಹುದು. ಕೈಯಲ್ಲಿ ಬಲವಿಲ್ಲದವರಿಗೆ ವಿದ್ಯುತ್ ಮೋಟಾರಿನ ವ್ಯವಸ್ಥೆಯೂ ಇದೆ.

ಕತ್ತಿನ ಕೆಳಗೆ ಸ್ವಾಧೀನವಿಲ್ಲದ ಬ್ರಿಟನ್ನಿನ ಹಿಲರಿ ಲಿಸ್ಟರ್ ನಳಿಗೆಗಳಲ್ಲಿ ಉಸಿರು ಊದಿ, ಹೀರಿ ದೋಣಿ ನಡೆಸುತ್ತ 2009ರಲ್ಲಿ ಒಬ್ಬರೇ ಬ್ರಿಟನ್ ಸುತ್ತಿದರು. 2014ರಲ್ಲಿ ಒಮಾನಿನ ನಶ್ವಾ ಅಲ್ ಕಿಂದಿಯವರೊಂದಿಗೆ ಮುಂಬೈಯಿಂದ ಮಸ್ಕತ್‌ಗೆ ಅರಬ್ಬೀ ಸಮುದ್ರ ದಾಟಿದರು. ಇದನ್ನು ಬರೀ ಸಾಹಸವೆಂದು ಹೊಗಳಿದರೆ ಆ ನಳಿಗೆಗಳನ್ನು ರೂಪಿಸಿದವರ ದುಡಿಮೆ ಮರೆಯಾಗುತ್ತದೆ.

ದೋಣಿಯ ತೊಡಕು ಹೀಗೆ ಬಗೆಹರಿಯಿತು, ದಡದಿಂದ ದೋಣಿಗೆ ಇಳಿಯುವ ತೊಡಕು ಉಳಿಯಿತು. ಕೇರಳದ ಕಾಸರಗೋಡಿನಲ್ಲಿ ಅದು ಎದ್ದು ಕಾಣುತ್ತದೆ. ಔಟ್‌ಬೋರ್ಡ್ ಎಂಜಿನ್ ಬಂದ ಮೇಲೆ ಇಲ್ಲಿನ ಮೀನುಗಾರರ ಹಾಯಿ ಮರೆಯಾಯಿತು, ಆದರೆ ಹಾಯಿ ಕಲಿಯಲು ಒಪ್ಪುವ ನೀರು ಹಾಗೆಯೇ ಇದೆ. ವಲಿಯಪರಂಬದ ಸುಮಾರು 24 ಕಿ.ಮೀ. ಉದ್ದದ ಮರಳಪಟ್ಟಿ ಕಡಲ ಅಲೆಯನ್ನು ತಡೆದು ಹಿನ್ನೀರನ್ನು ಶಾಂತವಾಗಿ ಇಟ್ಟಿದೆ. ಇದೇ ಜಿಲ್ಲೆಯ ಎಣ್ಮಕಜೆ, ಬೆಳ್ಳೂರು, ಮುಳಿಯಾರುಗಳಲ್ಲಿ ಗೇರುತೋಟಗಳಿಗೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರಿದ್ದಾರೆ; ಅವರಲ್ಲಿ ಹಲವರು ಅಂಗವಿಕಲರು. 2017ರಲ್ಲಿ ಸುಪ್ರೀಂ ಕೋರ್ಟ್ ತಲಾ 5 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಅಲ್ಲಿಂದೀಚೆಗೂ ಅವರ ಬಗೆಗಿನ ಚರ್ಚೆ ಪರಿಹಾರ, ಔಷಧಿ, ಪಿಂಚಣಿಗಳ ಸುತ್ತಲೇ ನಡೆದಿದೆ. ಅವೆಲ್ಲ ಬೇಕೇ ಬೇಕು. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೆಯ ಸೆಕ್ಷನ್ ಮನರಂಜನೆಯನ್ನೂ ಸಾಹಸ ಚಟುವಟಿಕೆಗಳನ್ನೂ ಸೇರಿಸಿಕೊಂಡಿದೆ.

ಇವರು ದೋಣಿಗೆ ಇಳಿಯಬಲ್ಲ ಕಡವಿನ ಮಾದರಿಗಾಗಿ ಪರದೇಶಕ್ಕೆ ಹೋಗಬೇಕಿಲ್ಲ. 2023ರ ಏಪ್ರಿಲ್‌ನಲ್ಲಿ ಆರಂಭವಾದ ಕೊಚ್ಚಿ ವಾಟರ್ ಮೆಟ್ರೊದ ತೇಲುವ ಜೆಟ್ಟಿಗಳು ಉಬ್ಬರ ಇಳಿತಗಳೊಂದಿಗೆ ತಾವೂ ಏರಿಳಿಯುವುದರಿಂದ ಗಾಲಿಕುರ್ಚಿ ನೇರ ದೋಣಿಯೊಳಕ್ಕೆ ಹೋಗುತ್ತದೆ. ತಗ್ಗಿನ ಹಾಯಿದೋಣಿಗೆ ಇದರ ಜೊತೆ ಜೋಲಿ ಕಟ್ಟಿದ ಸಣ್ಣ ಎತ್ತುಯಂತ್ರ, ಪ್ರಜ್ಞೆ ತಪ್ಪಿದರೂ ಮುಖವನ್ನು ನೀರಿನ ಮೇಲೆ ಹಿಡಿಯುವ ಜೀವರಕ್ಷಕ ಕವಚ, ಹಿಂದೆಯೇ ಬರುವ ರಕ್ಷಣಾ ದೋಣಿ ಸೇರಬೇಕು. ಕಲಿಸುವವರಿಗೆ ಹಾಯಿಯಷ್ಟೇ ಮುಖ್ಯವಾಗಿ ದೇಹವನ್ನು ಕುರ್ಚಿಯಿಂದ ಆಸನಕ್ಕೆ ನೋವಾಗದಂತೆ ಇಳಿಸುವ ತರಬೇತಿ ಬೇಕು. ಅಪಸ್ಮಾರವಿರುವ ಮಕ್ಕಳ ಜೊತೆ ಎರಡು ಆಸನದ ದೋಣಿಯಲ್ಲಿ ಒಬ್ಬರು ಸದಾ ಇರಬೇಕು. ಮಳೆಗಾಲ ಬಿಟ್ಟು ಉಳಿದ ತಿಂಗಳುಗಳಲ್ಲಿ ವಲಿಯಪರಂಬದ ಹಿನ್ನೀರಿನಲ್ಲಿ ತರಬೇತಿ ನಡೆಸಬಹುದು.