ಹೊರಗೆ ಬಂದರೂ 20 ವರ್ಷ ಬೆನ್ನು ಬಿಡದ ಒಪ್ಪಂದ

ಇವತ್ತು ಒಂದು ಒಪ್ಪಂದದ ಕಥೆ. ಒಪ್ಪಂದ ಅಂದ ಕೂಡಲೇ ಸ್ಕಿಪ್ ಮಾಡಬೇಡಿ, ಸ್ವಲ್ಪ ತಾಳಿ. ನಮ್ಮ ಕರಾವಳಿಯ ಹತ್ತಿರ ಎಣ್ಣೆ ತೆಗೆಯೋದು ಬೇಡ ಅಂತ ಇಟಲಿಯ ಸಂಸತ್ತು ಕಾನೂನು ಮಾಡುತ್ತೆ. ಹಾಗಾದರೆ ಕಂಪನಿಗೆ 19 ಕೋಟಿ ಯೂರೋ ಕೊಡಿ, ಮೇಲೆ ಬಡ್ಡಿ ಕೊಡಿ ಅಂತ ಮೂರು ಜನರ ಪೀಠ ಹೇಳುತ್ತೆ. ತಮಾಷೆ ಅಂದರೆ, ಅಷ್ಟು ಹೊತ್ತಿಗೆ ಇಟಲಿ ಆ ಒಪ್ಪಂದ ಬಿಟ್ಟು ಆರು ವರ್ಷ ಕಳೆದಿತ್ತು.

ಒಪ್ಪಂದದ ಹೆಸರು ಎನರ್ಜಿ ಚಾರ್ಟರ್ ಟ್ರೀಟಿ. ಇದು ಹುಟ್ಟಿದ ಕಾಲ ನೆನಪಿಸಿಕೊಳ್ಳಿ. ಬರ್ಲಿನ್ ಗೋಡೆ ಬಿದ್ದು ಇನ್ನೂ ಒಂದು ವರ್ಷ ಆಗಿರಲಿಲ್ಲ. ಪೂರ್ವದಲ್ಲಿ ಎಣ್ಣೆ, ಗ್ಯಾಸ್ ಬೇಕಾದಷ್ಟಿದೆ, ತೆಗೆಯೋಕೆ ದುಡ್ಡಿಲ್ಲ. ಪಶ್ಚಿಮದಲ್ಲಿ ದುಡ್ಡಿದೆ, ಆದರೆ ಹಾಕಿದ ದುಡ್ಡನ್ನು ನಾಳೆ ಅಲ್ಲಿನ ಸರ್ಕಾರ ನುಂಗಿಬಿಟ್ಟರೆ ಅನ್ನೋ ಭಯ. 1990ರ ಜೂನ್‌ನಲ್ಲಿ ಡಬ್ಲಿನ್‌ನ ಶೃಂಗಸಭೆಯಲ್ಲಿ ನೆದರ್ಲೆಂಡ್ಸ್ ಪ್ರಧಾನಿ ರೂಡ್ ಲೂಬರ್ಸ್ ಎರಡೂ ಕಡೆಯನ್ನು ಜೋಡಿಸುವ ಪ್ರಸ್ತಾಪ ಇಟ್ಟರು. 1991ರ ಡಿಸೆಂಬರ್ 17ಕ್ಕೆ ಹೇಗ್ ನಗರದಲ್ಲಿ ಘೋಷಣೆಗೆ ಸಹಿ ಬಿತ್ತು. ಎಂಟೇ ದಿನದಲ್ಲಿ ಗೋರ್ಬಚೆವ್ ರಾಜೀನಾಮೆ ಕೊಟ್ಟರು, ಸೋವಿಯತ್ ಒಕ್ಕೂಟವೇ ಮುಗಿಯಿತು! ಸರಿಯಾಗಿ ಮೂರು ವರ್ಷಕ್ಕೆ, 1994ರ ಡಿಸೆಂಬರ್ 17ಕ್ಕೆ, ಲಿಸ್ಬನ್‌ನಲ್ಲಿ ಒಪ್ಪಂದಕ್ಕೆ ಸಹಿ. ಜಾರಿಗೆ ಬಂದದ್ದು 1998ರಲ್ಲಿ. ವಿಶ್ವಸಂಸ್ಥೆಯ ಹವಾಮಾನ ಒಪ್ಪಂದ ಜಾರಿಗೆ ಬಂದದ್ದೂ ಅದೇ 1994ರಲ್ಲೇ. ಎರಡೂ ಒಂದೇ ವಾರಿಗೆಯವು, ಬೆಳೆದ ದಾರಿ ಬೇರೆ.

ಬಿ.ಕಾಂ.ನಲ್ಲಿ ಬಿಸಿನೆಸ್ ಲಾ ಓದಿದವರಿಗೆ ಪ್ರಿವಿಟಿ ಆಫ್ ಕಾಂಟ್ರಾಕ್ಟ್ ನೆನಪಿರಬಹುದು. ಕರಾರಿಗೆ ಸಹಿ ಹಾಕದ ಮೂರನೆಯವನು ಕೇಸ್ ಹಾಕುವ ಹಾಗಿಲ್ಲ ಅನ್ನೋದು ಅದರ ಸಾರ. ಇಲ್ಲಿ ಅದು ತಲೆಕೆಳಗು. ಸಹಿ ಹಾಕಿದ್ದು ದೇಶಗಳು, ಕೇಸ್ ಹಾಕೋದು ಕಂಪನಿ. ಅದೂ ಆ ದೇಶದ ಕೋರ್ಟಿನಲ್ಲಲ್ಲ. ಕಂಪನಿ ಒಬ್ಬರನ್ನು ಆರಿಸುತ್ತೆ, ಸರ್ಕಾರ ಒಬ್ಬರನ್ನು ಆರಿಸುತ್ತೆ, ಮೂರನೆಯವರು ಅಧ್ಯಕ್ಷರು. ಹಾಕಿದ ಬಂಡವಾಳವಷ್ಟೇ ಅಲ್ಲ, ಮುಂದೆ ಬರಬಹುದಾಗಿದ್ದ ಲಾಭವನ್ನೂ ಲೆಕ್ಕ ಹಿಡಿದು ಪರಿಹಾರ ಕೇಳಬಹುದು. ನನ್ನ ಪ್ರಕಾರ ಇಡೀ ಜಗಳದ ಬೇರು ಇಲ್ಲೇ ಇದೆ.

ರಷ್ಯಾದ ಮೇಲೆ ಈ ಅಸ್ತ್ರ ಬಿತ್ತು, ನಿಜ. ಯೂಕೋಸ್ ಎಣ್ಣೆ ಕಂಪನಿಯ ಷೇರುದಾರರಿಗೆ 5,000 ಕೋಟಿ ಡಾಲರ್ ಕೊಡಬೇಕು ಅಂತ 2014ರಲ್ಲಿ ತೀರ್ಪಾಯಿತು. ಅದು ನಿರೀಕ್ಷಿತವೇ. ಯಾರೂ ನಿರೀಕ್ಷಿಸದೇ ಇದ್ದದ್ದು, ಪಶ್ಚಿಮದ ದೇಶಗಳೇ ಕಟಕಟೆಯಲ್ಲಿ ನಿಂತದ್ದು. 2009ರಲ್ಲಿ ಸ್ವೀಡನ್ ಸರ್ಕಾರದ್ದೇ ಕಂಪನಿ ವಾಟೆನ್‌ಫಾಲ್ ಜರ್ಮನಿಯ ಮೇಲೆ 140 ಕೋಟಿ ಯೂರೋ ಕೇಸ್ ಹಾಕಿತು. ಹ್ಯಾಂಬರ್ಗ್‌ನ ಮೂರ್‌ಬರ್ಗ್ ಕಲ್ಲಿದ್ದಲು ಸ್ಥಾವರ ಎಲ್ಬೆ ನದಿಯ ನೀರು ಬಳಸೋದಕ್ಕೆ ಕಠಿಣ ಷರತ್ತು ಹಾಕಿದ್ದೇ ತಪ್ಪಾಯಿತು. ರಾಜಿಯಾಯಿತು, ಷರತ್ತು ಸಡಿಲವಾಯಿತು. ಇಷ್ಟೆಲ್ಲ ಹೋರಾಡಿ 2015ರಲ್ಲಿ ಶುರು ಮಾಡಿದ ಆ ಸ್ಥಾವರ 2021ಕ್ಕೆ ಮುಚ್ಚಿಹೋಯಿತು.

ಈಗ ಇಟಲಿಗೆ ಬರೋಣ. ಅಬ್ರುಝೋ ಪ್ರಾಂತ್ಯದ ಕಡಲಲ್ಲಿ ಓಂಬ್ರಿನಾ ಮಾರೆ ಅನ್ನೋ ಎಣ್ಣೆ ನಿಕ್ಷೇಪ. ಊರಿನವರು ಬೇಡ ಅಂತ ಬೀದಿಗಿಳಿದರು. ವಿರೋಧ ಜೋರಾಗಿದ್ದಾಗಲೇ, 2014ರಲ್ಲಿ, ರಾಕ್‌ಹಾಪರ್ ಅನ್ನೋ ಬ್ರಿಟಿಷ್ ಕಂಪನಿ ಅದನ್ನು ಕೊಂಡುಕೊಂಡಿತು. 2015ರ ಕೊನೆಗೆ, ದಡದಿಂದ 12 ನಾಟಿಕಲ್ ಮೈಲಿಯೊಳಗೆ ಎಣ್ಣೆ ತೆಗೆಯುವ ಹಾಗಿಲ್ಲ ಅಂತ ಸಂಸತ್ತು ತೀರ್ಮಾನಿಸಿತು. 2016ರ ಜನವರಿ 1ಕ್ಕೆ ಇಟಲಿ ಒಪ್ಪಂದದಿಂದ ಹೊರಗೆ. 2017ರಲ್ಲಿ ಕೇಸ್. ಹೊರಗೆ ಹೋದವರ ಮೇಲೆ ಕೇಸ್ ಹೇಗೆ ಅಂತೀರಾ? ಒಪ್ಪಂದದ 47ನೇ ವಿಧಿಗೊಂದು ಬಾಲ ಇದೆ. ಅದಕ್ಕೆ ಸನ್‌ಸೆಟ್ ಕ್ಲಾಸ್ ಅಂತಾರೆ. ದೇಶ ಹೊರಬಂದರೂ ಹಳೆಯ ಹೂಡಿಕೆಗೆ 20 ವರ್ಷ ರಕ್ಷಣೆ ಮುಂದುವರಿಯುತ್ತೆ. 2022ರಲ್ಲಿ ಬಂದ ತೀರ್ಪೇ ನಾನು ಮೊದಲು ಹೇಳಿದ 19 ಕೋಟಿ. 2025ರಲ್ಲಿ ಆ ತೀರ್ಪು ರದ್ದಾಯಿತು. ಆದರೆ ರದ್ದಾದದ್ದು ಪೀಠ ರಚನೆಯ ದೋಷಕ್ಕೆ. ಇಟಲಿ ಮಾಡಿದ್ದು ಸರಿ ಅಂತ ಯಾರೂ ಹೇಳಲಿಲ್ಲ.

ಇದನ್ನು ಬರೀ ಕಲ್ಲಿದ್ದಲು ಕಂಪನಿಗಳ ಅಸ್ತ್ರ ಅಂದರೆ ಅನ್ಯಾಯವಾಗುತ್ತೆ. ಸೋಲಾರ್‌ಗೆ ಒಳ್ಳೇ ದರ ಕೊಡ್ತೀವಿ ಅಂತ 2007ರಲ್ಲಿ ಕರೆದು, ಆರ್ಥಿಕ ಬಿಕ್ಕಟ್ಟು ಬಂದ ಮೇಲೆ ಕಡಿತ ಮಾಡಿದ ಸ್ಪೇನ್ ಮೇಲೂ ಹತ್ತಾರು ಕೇಸ್ ಬಿದ್ದವು. ಒಪ್ಪಂದಕ್ಕೆ ಇಂಧನ ಯಾವುದು ಅನ್ನೋದು ಮುಖ್ಯ ಅಲ್ಲ, ಹೂಡಿಕೆ ಮಾಡಿದ ದಿನದ ಲೆಕ್ಕಾಚಾರ ಮುಖ್ಯ. ಹವಾಮಾನ ನೀತಿ ಅಂದರೆ ಆ ಲೆಕ್ಕಾಚಾರವನ್ನೇ ಬದಲಿಸೋದು ತಾನೆ? 2030ರ ನಂತರ ಕಲ್ಲಿದ್ದಲಿನ ವಿದ್ಯುತ್ ಬೇಡ ಅಂತ ಕಾನೂನು ತಂದ ನೆದರ್ಲೆಂಡ್ಸ್ ಮೇಲೂ 2021ರಲ್ಲಿ ಜರ್ಮನಿಯ ಆರ್‌ಡಬ್ಲ್ಯೂಇ ಕಂಪನಿ 140 ಕೋಟಿ ಯೂರೋ ಕೇಳಿತ್ತು, ಆಮೇಲೆ ಹಿಂತೆಗೆದುಕೊಂಡಿತು. ಲೂಬರ್ಸ್ ಅವರ ಸ್ವಂತ ದೇಶ, ನೋಡಿ!

2023ರಲ್ಲಿ ಫ್ರಾನ್ಸ್, ಜರ್ಮನಿ, ಪೋಲೆಂಡ್ ಹೊರನಡೆದವು. 2025ರಲ್ಲಿ ಬ್ರಿಟನ್ ಮತ್ತು ಐರೋಪ್ಯ ಒಕ್ಕೂಟವೂ ಹೋದವು. ಒಕ್ಕೂಟದ ಹೊರಗಿನ ಸದಸ್ಯ ದೇಶಗಳ ಕಂಪನಿಗಳಿಗೆ ಮಾತ್ರ ಆ ಬಾಲ 2040ರ ದಶಕದವರೆಗೂ ಸಿಗುತ್ತೆ.

ಭಾರತ ಈ ಒಪ್ಪಂದದಲ್ಲಿ ಇಲ್ಲ. ಆದರೆ 1994ರಲ್ಲೇ ಬ್ರಿಟನ್ ಜೊತೆ ನಮ್ಮದೂ ಒಂದು ಹೂಡಿಕೆ ಒಪ್ಪಂದ ಆಗಿತ್ತು. ರಾಜಸ್ಥಾನದಲ್ಲಿ ಎಣ್ಣೆ ಕಂಡುಹಿಡಿದ ಕೇರ್ನ್ ಕಂಪನಿ, ಹಿಂದಿನ ತಾರೀಖಿನಿಂದ ತೆರಿಗೆ ಹಾಕಿದ್ದರ ವಿರುದ್ಧ ಅದರಡಿಯಲ್ಲೇ ಹೋಗಿ, 2020ರಲ್ಲಿ 120 ಕೋಟಿ ಡಾಲರ್ ಗೆದ್ದಿತು. ಮರುವರ್ಷ ಸರ್ಕಾರ ಆ ತೆರಿಗೆಯನ್ನೇ ಕೈಬಿಟ್ಟು, ಆಮೇಲೆ ಸುಮಾರು 7,900 ಕೋಟಿ ರೂಪಾಯಿ ವಾಪಸ್ ಕೊಟ್ಟಿತು. ಒಪ್ಪಂದವನ್ನು ಭಾರತ 2017ರಲ್ಲೇ ಮುಗಿಸಿತ್ತು. ಅದಕ್ಕೂ 15 ವರ್ಷದ ಬಾಲ ಇದೆ, ಅಂದರೆ 2032ರವರೆಗೆ. ಕೇರ್ನ್ ಕಥೆಗೆ ಒಂದು ಪೂರ್ತಿ ಎಪಿಸೋಡ್ ಬೇಕು, ಮುಂದಿನ ವಾರ ಅದನ್ನೇ ಮಾಡೋಣ.